ಕಿಡ್ನಿ ಕಸಿಯ ನಂತರ ಬಂದ ಮಧುಮೇಹ: ಯಾವ ಔಷಧ ಕಸಿಯನ್ನು ಕಾಯುತ್ತದೆ?

ಪ್ರಶ್ನೆ: ನನಗೆ 52 ವರ್ಷ. ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡ ಮೇಲೆ, ಹದಿನಾಲ್ಕು ತಿಂಗಳ ಹಿಂದೆ ನನ್ನ ಪತ್ನಿ ಕೊಟ್ಟ ಕಿಡ್ನಿಯನ್ನು ಕಸಿ ಮಾಡಿದರು. ಅದಕ್ಕೆ ಮೊದಲು ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ, ತಂದೆಯವರಿಗೆ ಇತ್ತು. ಮೂರನೇ ತಿಂಗಳಲ್ಲಿ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದ್ದೆ. ಈಗ ಕಿಡ್ನಿಯ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ 1.4, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 7.9 ಇದೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು 7.5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ. ಸಕ್ಕರೆಗೆ ಲಿನಾಗ್ಲಿಪ್ಟಿನ್ ಕೊಟ್ಟಿದ್ದಾರೆ, ಇನ್ಸುಲಿನ್ ಸೇರಿಸಬೇಕಾಗಬಹುದು ಎನ್ನುತ್ತಾರೆ. ನನ್ನ ಭಾವನಿಗೆ ‘ಕಿಡ್ನಿ ಕಾಪಾಡುವ ಮಾತ್ರೆ’ ಎಂದು ಡಪಾಗ್ಲಿಫ್ಲೋಜಿನ್ ಕೊಡುತ್ತಿದ್ದಾರೆ. ನಾನು ಅದನ್ನು ಕೇಳಿದರೆ ‘ನಿಮಗೆ ಸದ್ಯಕ್ಕೆ ಬೇಡ’ ಎಂದರು. ಈ ಮಧುಮೇಹ ಹೊಸ ಕಿಡ್ನಿಯನ್ನೂ ಹಾಳು ಮಾಡುತ್ತದೆಯೇ? ಯಾವ ಔಷಧ ತೆಗೆದುಕೊಂಡವರು ಹೆಚ್ಚು ಕಾಲ ಚೆನ್ನಾಗಿದ್ದಾರೆ? ಟ್ಯಾಕ್ರೋಲಿಮಸ್ ಕಡಿಮೆ ಮಾಡಿದರೆ ಸಕ್ಕರೆ ತಾನಾಗಿ ಇಳಿಯುವುದಿಲ್ಲವೇ? ನಾಲ್ಕು ವಾರಗಳ ಗ್ಲುಕೋಮೀಟರ್ ಲೆಕ್ಕವನ್ನು ಜೊತೆಗೆ ಇಟ್ಟಿದ್ದೇನೆ.

ಉತ್ತರ: ಮಾನ್ಯರೇ, ಮೊದಲು ನಿಮ್ಮ ಗ್ಲುಕೋಮೀಟರ್ ಲೆಕ್ಕವನ್ನೇ ನೋಡೋಣ. ಬೆಳಗಿನ ಖಾಲಿ ಹೊಟ್ಟೆಯ ಕಾಲಂನಲ್ಲಿ 98, 104, 111, 102 ಎಂದು ಬರೆದಿದ್ದೀರಿ. ಅದೇ ದಿನಗಳ ಮಧ್ಯಾಹ್ನ ನಾಲ್ಕು ಗಂಟೆಯ ಕಾಲಂನಲ್ಲಿ 231, 258, 244, 262 ಎಂದಿದೆ. ರಾತ್ರಿ ಊಟಕ್ಕೆ ಮೊದಲು ಇನ್ನೂರರ ಆಸುಪಾಸಿಗೆ ಬರುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ನೂರರ ಹತ್ತಿರ ನಿಲ್ಲುತ್ತದೆ. ಬೆಳಗಿನ ರಕ್ತಪರೀಕ್ಷೆಯೊಂದನ್ನೇ ನಂಬಿದ್ದರೆ ನಿಮಗೆ ಸಕ್ಕರೆ ಕಾಯಿಲೆಯೇ ಇಲ್ಲವೆಂದು ಯಾರಾದರೂ ಹೇಳಿಬಿಡುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ತಿಂಡಿಯ ಜೊತೆ ನುಂಗುವ ಪ್ರೆಡ್ನಿಸೋಲೋನ್ ಕೆಲವು ಗಂಟೆಗಳ ನಂತರ ತನ್ನ ಪೂರ್ಣ ಪ್ರಭಾವ ತೋರಿಸುತ್ತದೆ. ಮಧ್ಯಾಹ್ನದ ಊಟದ ಪಿಷ್ಟ ರಕ್ತಕ್ಕೆ ಸೇರುವ ಹೊತ್ತೂ ಅದೇ ಆಗಿರುವುದರಿಂದ ನಾಲ್ಕು ಗಂಟೆಯ ಅಂಕಿ ಹಾಗೆ ಏರುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಸ್ಟೀರಾಯ್ಡ್ ಸೇವಿಸುವವರಲ್ಲಿ ಇದು ಸಾಮಾನ್ಯ ಚಿತ್ರ. ಕಸಿ ಆದವರು ಬೆಳಗಿನ ಶುಗರ್ ಮಾತ್ರ ನೋಡಿಕೊಂಡು ನೆಮ್ಮದಿಯಿಂದ ಇರುವುದನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ. ನೀವು ಸಂಜೆಯ ಅಂಕಿಯನ್ನೂ ಬರೆದಿಟ್ಟಿದ್ದರಿಂದಲೇ ಔಷಧದ ಆಯ್ಕೆಯ ಬಗ್ಗೆ ಇಷ್ಟು ಖಚಿತವಾಗಿ ಮಾತನಾಡಲು ಸಾಧ್ಯವಾಗಿದೆ.

ಹೀಗೆ ಕಸಿಯ ನಂತರ ಕಾಣಿಸಿಕೊಳ್ಳುವ ಮಧುಮೇಹವನ್ನು ವೈದ್ಯರು ‘ಕಸಿಯೋತ್ತರ ಮಧುಮೇಹ’ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಸ್ಟೀರಾಯ್ಡ್ ಪ್ರಮಾಣ ಬಹಳ ಹೆಚ್ಚಿರುವ ಕಾರಣ ಬಹುತೇಕ ಎಲ್ಲರಲ್ಲೂ ಸಕ್ಕರೆ ಏರುತ್ತದೆ. ಆದ್ದರಿಂದ ಆ ಹಂತ ಕಳೆದು, ಔಷಧಗಳು ಒಂದು ಸ್ಥಿರ ಪ್ರಮಾಣಕ್ಕೆ ಬಂದ ಮೇಲೂ ಸಕ್ಕರೆ ಏರಿಯೇ ಇದ್ದರೆ ಮಾತ್ರ ಈ ಹೆಸರು ಕೊಡುವುದು ವಾಡಿಕೆ. ಬೇರೆ ಬೇರೆ ಕೇಂದ್ರಗಳ ವರದಿಗಳ ಪ್ರಕಾರ ಕಿಡ್ನಿ ಕಸಿ ಆದ ನೂರು ಜನರಲ್ಲಿ ಹತ್ತರಿಂದ ನಲವತ್ತು ಜನರಿಗೆ ಇದು ಬರುತ್ತದೆ. ನಿಮ್ಮಲ್ಲಿ ಇದಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚಿವೆ. ಟ್ಯಾಕ್ರೋಲಿಮಸ್ ರೋಗನಿರೋಧಕ ಕಣಗಳಲ್ಲಿ ಯಾವ ಕಿಣ್ವವನ್ನು ತಡೆಯುತ್ತದೆಯೋ ಅದೇ ಕಿಣ್ವವು ಮೇದೋಜೀರಕ ಗ್ರಂಥಿಯ ಬೀಟಾ ಕಣಗಳಲ್ಲೂ ಇರುವುದರಿಂದ ಇನ್ಸುಲಿನ್ ಸ್ರವಿಸುವಿಕೆ ತಗ್ಗುತ್ತದೆ. ಸ್ಟೀರಾಯ್ಡ್, ಇರುವ ಇನ್ಸುಲಿನ್‌ಗೆ ದೇಹ ಸ್ಪಂದಿಸದಂತೆ ಮಾಡುತ್ತದೆ. ತಂದೆಯಿಂದ ಬಂದ ಒಲವು ಮೊದಲೇ ಇತ್ತು. ಇನ್ನೊಂದು ಕಾರಣವನ್ನು ಹೆಚ್ಚಿನವರು ಊಹಿಸಿರುವುದಿಲ್ಲ. ಇನ್ಸುಲಿನ್‌ನ ಗಣನೀಯ ಪಾಲನ್ನು ಒಡೆದು ಹೊರಹಾಕುವುದು ಕಿಡ್ನಿಯೇ. ಡಯಾಲಿಸಿಸ್‌ನಲ್ಲಿದ್ದ ಎರಡು ವರ್ಷ ಆ ಕೆಲಸ ನಿಂತಿತ್ತಾದ್ದರಿಂದ ಸ್ವಲ್ಪ ಇನ್ಸುಲಿನ್ನೇ ಬಹಳ ಹೊತ್ತು ರಕ್ತದಲ್ಲಿ ಉಳಿಯುತ್ತಿತ್ತು, ಒಳಗೆ ಅಡಗಿದ್ದ ಮಧುಮೇಹ ಹೊರಗೆ ಕಾಣುತ್ತಿರಲಿಲ್ಲ. ಪತ್ನಿಯವರು ಕೊಟ್ಟ ಕಿಡ್ನಿ ಚೆನ್ನಾಗಿ ಕೆಲಸ ಆರಂಭಿಸಿದ ಮೇಲೆ ಇನ್ಸುಲಿನ್ ಬೇಗ ಖಾಲಿಯಾಗತೊಡಗಿತು. ಹಾಗಾಗಿ ನಿಮ್ಮ ಸಕ್ಕರೆ ಏರಿರುವುದರಲ್ಲಿ ಹೊಸ ಕಿಡ್ನಿಯ ಸೌಖ್ಯಕ್ಕೂ ಒಂದು ಪಾಲಿದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಈ ಮಧುಮೇಹವನ್ನು ಕಡೆಗಣಿಸಿದರೆ ಹಾನಿ ಖಂಡಿತ ಇದೆ, ಆದರೆ ನೀವು ಹೆದರಿದ ಕಡೆಯಿಂದಲೇ ಅದು ಮೊದಲು ಬರುತ್ತದೆ ಎಂದಿಲ್ಲ. ಮಧುಮೇಹ ಒಂದು ಕಿಡ್ನಿಯನ್ನು ನೇರವಾಗಿ ಹಾಳುಗೆಡವಲು ಸಾಮಾನ್ಯವಾಗಿ ಅನೇಕ ವರ್ಷಗಳು ಬೇಕು. ಹೃದಯ, ರಕ್ತನಾಳ ಮತ್ತು ಸೋಂಕುಗಳ ಲೆಕ್ಕ ಅದಕ್ಕಿಂತ ಬಹಳ ಮೊದಲು ಶುರುವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮೂತ್ರಪಿಂಡ ದಾಖಲೆಗಳ ಆಧಾರದ ಮೇಲೆ 2003ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ, ಕಸಿಯ ನಂತರ ಮಧುಮೇಹ ಬಂದವರಲ್ಲಿ ಸಾವಿನ ಅಪಾಯ ಸುಮಾರು ಶೇ 87ರಷ್ಟು, ಕಸಿ ಕಿಡ್ನಿ ಕಳೆದುಕೊಳ್ಳುವ ಅಪಾಯ ಸುಮಾರು ಶೇ 63ರಷ್ಟು ಹೆಚ್ಚಾಗಿತ್ತು. ಅದು ಇಪ್ಪತ್ತೈದು ವರ್ಷಗಳ ಹಿಂದಿನ ರೋಗಿಗಳ ಕಥೆ. ಅಂದಿನ ಸ್ಟೀರಾಯ್ಡ್ ಪ್ರಮಾಣಗಳು ದೊಡ್ಡವು, ಅಂದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಬಳಕೆ ಕಡಿಮೆ, ಇಂದು ನಾವು ಚರ್ಚಿಸುವ ಔಷಧಗಳಲ್ಲಿ ಹಲವು ಇನ್ನೂ ಹುಟ್ಟಿರಲಿಲ್ಲ. ಆದ್ದರಿಂದ ಆ ಅಂಕಿಗಳನ್ನು ನಿಮ್ಮ ಭವಿಷ್ಯವೆಂದು ಓದಬೇಡಿ, ಅವು ತೋರುವ ದಿಕ್ಕನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಕಸಿ ಆದವರಲ್ಲಿ ದೊಡ್ಡ ಪಾಲು ಜನ, ಕಿಡ್ನಿ ಇನ್ನೂ ಕೆಲಸ ಮಾಡುತ್ತಿರುವಾಗಲೇ, ಹೃದಯದ ಕಾಯಿಲೆಯಿಂದ ತೀರಿಕೊಳ್ಳುತ್ತಾರೆ ಎಂಬ ಮಾತು ಇಂದಿಗೂ ನಿಜ. ನಿಮ್ಮ ಪತ್ರದಲ್ಲಿ ರಕ್ತದೊತ್ತಡದ ಅಂಕಿಯಾಗಲಿ ಕೊಲೆಸ್ಟರಾಲ್‌ನ ಅಂಕಿಯಾಗಲಿ ಇಲ್ಲ. ಅವೆರಡೂ ಹತೋಟಿಯಲ್ಲಿ ಇಲ್ಲದಿದ್ದರೆ ಸಕ್ಕರೆಗೆ ಯಾವ ಔಷಧ ತೆಗೆದುಕೊಂಡರೂ ಅರ್ಧ ಕೆಲಸ ಬಾಕಿ ಉಳಿದಂತೆಯೇ.

ಯಾವ ಔಷಧ ತೆಗೆದುಕೊಂಡವರು ಹೆಚ್ಚು ಕಾಲ ಚೆನ್ನಾಗಿದ್ದಾರೆ ಎಂಬ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರಿಸುವ ಮೊದಲು, ಅಂಥ ಉತ್ತರಗಳು ಎಲ್ಲಿಂದ ಹುಟ್ಟುತ್ತವೆ ಎಂಬುದನ್ನು ಹೇಳಬೇಕು. ಕಸಿ ಆದವರಲ್ಲಿ ಮಧುಮೇಹದ ಔಷಧಗಳ ಕುರಿತ ಹೆಚ್ಚಿನ ಅಧ್ಯಯನಗಳು ಹಿನ್ನೋಟದವು. ಆಸ್ಪತ್ರೆಯ ಹಳೆಯ ಕಡತಗಳನ್ನು ತೆಗೆದು, ಇಂಥ ಮಾತ್ರೆ ತೆಗೆದುಕೊಂಡವರು ಎಷ್ಟು, ತೆಗೆದುಕೊಳ್ಳದವರು ಎಷ್ಟು, ಐದು ವರ್ಷಗಳ ನಂತರ ಯಾರು ಉಳಿದಿದ್ದಾರೆ ಎಂದು ಎಣಿಸುತ್ತಾರೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಇಳಿಸುವ ಮಾತ್ರೆಯ ಕುರಿತು ಹೀಗೆ ಮಾಡಿದ ಅಧ್ಯಯನಗಳಲ್ಲಿ ಅದನ್ನು ತೆಗೆದುಕೊಂಡವರ ಸಾವು ಕಡಿಮೆ ಕಂಡಿತು. ಆದರೆ ಮೆಟ್‌ಫಾರ್ಮಿನ್ ಯಾರಿಗೆ ಸಿಗುತ್ತದೆ? ಕ್ರಿಯಾಟಿನಿನ್ ಚೆನ್ನಾಗಿರುವವರಿಗೆ, ಹೃದಯ ದುರ್ಬಲವಾಗಿಲ್ಲದವರಿಗೆ, ಪದೇ ಪದೇ ಆಸ್ಪತ್ರೆ ಸೇರದವರಿಗೆ. ಇನ್ಸುಲಿನ್ ಹೆಚ್ಚಾಗಿ ಹೋಗುವುದು ಕಿಡ್ನಿ ಕುಂದಿದವರಿಗೆ, ಸೋಂಕಾಗಿ ಮಲಗಿದವರಿಗೆ, ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸತೊಡಗಿದ್ದನ್ನು ತಡೆಯಲು ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಿಗೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಲ್ಲಿ ಹೃದ್ರೋಗ ಕಡಿಮೆ ಎಂದು ಕಂಡುಬಂದರೆ, ಮೆಟ್ಟಿಲುಗಳೇ ಅವರನ್ನು ಕಾಪಾಡಿದವು ಎನ್ನುವ ಮೊದಲು, ಹತ್ತಲು ತ್ರಾಣ ಇದ್ದವರು ಮಾತ್ರ ಹೊರಟಿದ್ದರು ಎಂಬುದನ್ನು ನೆನೆಯಬೇಕಲ್ಲವೇ? ಇಂಥ ಅಧ್ಯಯನಗಳಲ್ಲಿ ಇನ್ನೊಂದು ಸೂಕ್ಷ್ಮ ದೋಷವೂ ಇರುತ್ತದೆ. ಕಸಿಯಾಗಿ ಎರಡು ವರ್ಷಗಳ ನಂತರ ಒಂದು ಮಾತ್ರೆ ಆರಂಭಿಸಿದವರನ್ನು ‘ಮಾತ್ರೆಯ ಗುಂಪು’ ಎಂದು ಎಣಿಸಿದರೆ, ಅವರು ಆ ಎರಡು ವರ್ಷ ಬದುಕಿದ್ದವರು ಎಂಬುದು ಆಗಲೇ ಖಚಿತವಾಗಿರುತ್ತದೆ. ಆ ಅವಧಿಯಲ್ಲೇ ತೀರಿಹೋದವರೆಲ್ಲ ‘ಮಾತ್ರೆ ಇಲ್ಲದ ಗುಂಪಿಗೆ’ ಸೇರಿಬಿಡುತ್ತಾರೆ. ಒಳ್ಳೆಯ ಸಂಶೋಧಕರು ಇವನ್ನು ಗಣಿತದಿಂದ ಸರಿದೂಗಿಸಲು ಪ್ರಯತ್ನಿಸುತ್ತಾರೆ, ಪೂರ್ತಿಯಾಗಿ ಸರಿದೂಗಿಸಲು ಆಗುವುದಿಲ್ಲ. ‘ಈ ಮಾತ್ರೆಯಿಂದ ಸಾವು ಅರ್ಧಕ್ಕೆ ಇಳಿಯಿತು’ ಎಂಬ ಸುದ್ದಿ ನಿಮ್ಮ ಫೋನಿಗೆ ಬಂದಾಗ, ಅದು ಕಡತ ಎಣಿಸಿದ ಅಧ್ಯಯನವೋ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವೋ ಎಂದು ಮೊದಲು ಕೇಳಿ.

ಈ ಎಚ್ಚರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಭಾವನವರ ಮಾತ್ರೆಗೆ ಬರೋಣ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಇವು ಎಸ್‌ಜಿಎಲ್‌ಟಿ-2 ತಡೆಯುವ ಗುಂಪಿನ ಔಷಧಗಳು. ಮೂತ್ರದಲ್ಲಿ ಸೋಸಿದ ಸಕ್ಕರೆಯನ್ನು ಕಿಡ್ನಿ ಮತ್ತೆ ಹೀರಿಕೊಳ್ಳದಂತೆ ತಡೆದು ಅದನ್ನು ಮೂತ್ರದ ಮೂಲಕ ಹೊರಗೆ ಬಿಡುತ್ತವೆ, ಜೊತೆಗೆ ಕಿಡ್ನಿಯ ಸೋಸುಗಂಟುಗಳ ಒಳಗಿನ ಒತ್ತಡವನ್ನು ಇಳಿಸುತ್ತವೆ. ಸಹಜ ಕಿಡ್ನಿ ಇರುವವರಲ್ಲಿ ಇವು ಕಿಡ್ನಿ ವೈಫಲ್ಯವನ್ನು ಮುಂದೂಡುತ್ತವೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಇದೆ. 2019ರ ಕ್ರೆಡೆನ್ಸ್, 2020ರ ಡಪಾ-ಸಿಕೆಡಿ, 2022ರ ಎಂಪಾ-ಕಿಡ್ನಿ ಎಂಬ ಮೂರು ದೊಡ್ಡ ಪ್ರಯೋಗಗಳಲ್ಲಿ ಒಟ್ಟು ಹದಿನೈದು ಸಾವಿರಕ್ಕೂ ಹೆಚ್ಚು ಜನರಿದ್ದರು. ಮೂರರಲ್ಲೂ ಕಿಡ್ನಿ ಕಸಿ ಆದವರನ್ನು ಸೇರಿಸಿಕೊಂಡಿರಲಿಲ್ಲ. ನಿಮ್ಮ ಭಾವನಿಗೆ ಅನ್ವಯಿಸುವ ಸಾಕ್ಷ್ಯ ನಿಮಗೆ ಹಾಗೆಯೇ ಅನ್ವಯಿಸುವುದಿಲ್ಲ ಎನ್ನಲು ಕಾರಣ ಇದೇ. ಜಗತ್ತಿನ ಕಿಡ್ನಿ ತಜ್ಞರು ಅನುಸರಿಸುವ ಕೆಡಿಗೋ ಮಾರ್ಗಸೂಚಿ ಕೂಡ 2022ರ ಆವೃತ್ತಿಯಲ್ಲಿ, ಈ ಔಷಧಗಳಿಂದ ಕಸಿ ಆದವರಿಗೂ ಪ್ರಯೋಜನ ಇರಬಹುದು, ಆದರೆ ಅವರಲ್ಲಿ ಸಾಕಷ್ಟು ಅಧ್ಯಯನ ನಡೆದಿಲ್ಲ, ರೋಗನಿರೋಧಕ ಶಕ್ತಿ ತಗ್ಗಿಸಿರುವ ಕಾರಣ ಸೋಂಕಿನ ಅಪಾಯ ಹೆಚ್ಚಿರಬಹುದು ಎಂದು ಹೇಳಿ, ತನ್ನ ಶಿಫಾರಸನ್ನು ಅವರಿಗೆ ವಿಸ್ತರಿಸದೆ ನಿಲ್ಲಿಸಿತು.

ಕಸಿ ಆದವರಲ್ಲೇ ನಡೆದ ಪ್ರಯೋಗಗಳು ಚಿಕ್ಕವು. ನಾರ್ವೆಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವನ್ನು ಕಸಿಯೋತ್ತರ ಮಧುಮೇಹ ಇದ್ದ 44 ಜನ ಪೂರ್ಣಗೊಳಿಸಿದರು. ಅರ್ಧ ಜನಕ್ಕೆ ಎಂಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 24 ವಾರಗಳ ಕೊನೆಗೆ ಔಷಧ ಪಡೆದವರ ಎಚ್‌ಬಿಎ1ಸಿ ಸುಮಾರು 0.2ರಷ್ಟು ಇಳಿಯಿತು, ತೂಕ ಸುಮಾರು ಎರಡೂವರೆ ಕಿಲೋ ಇಳಿಯಿತು, ಮೂತ್ರದ ಸೋಂಕು ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಸಮವಾಗಿತ್ತು. ಸಕ್ಕರೆಯ ಇಳಿಕೆ ಇಷ್ಟು ಅಲ್ಪವಾಗಿರುವುದನ್ನು ಗಮನಿಸಿ. ಕಿಡ್ನಿಯ ಸೋಸುವ ಶಕ್ತಿ ಕುಂದಿದಷ್ಟೂ ಈ ಗುಂಪಿನ ಔಷಧಗಳ ಸಕ್ಕರೆ ಇಳಿಸುವ ಶಕ್ತಿಯೂ ಕುಂದುತ್ತದೆ. ಇನ್ನು ದಕ್ಷಿಣ ಕೊರಿಯಾದ ಆರು ಆಸ್ಪತ್ರೆಗಳ ಕಡತಗಳಿಂದ 2022ರಲ್ಲಿ ಬಂದ ಅಧ್ಯಯನದಲ್ಲಿ ಮಧುಮೇಹ ಇದ್ದ 2,083 ಕಸಿ ರೋಗಿಗಳ ಪೈಕಿ ಈ ಔಷಧ ಪಡೆದಿದ್ದ 226 ಜನರಲ್ಲಿ ಸಾವು, ಕಸಿ ವೈಫಲ್ಯ, ಕ್ರಿಯಾಟಿನಿನ್ ದುಪ್ಪಟ್ಟಾಗುವಿಕೆ ಇವೆಲ್ಲ ಸೇರಿದ ಅಪಾಯ ಅರ್ಧಕ್ಕಿಂತಲೂ ಕಡಿಮೆ ಎಂದು ಕಂಡಿತು. ಫಲಿತಾಂಶ ಆಶಾದಾಯಕ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೂ ಅದು ಮೇಲೆ ಹೇಳಿದ ಕಡತದ ಅಧ್ಯಯನವೇ. ಕಸಿ ಆದವರನ್ನೂ ಸೇರಿಸಿಕೊಂಡು ಡಪಾಗ್ಲಿಫ್ಲೋಜಿನ್‌ನ ನಿಜವಾದ ಪರೀಕ್ಷೆ ನಡೆಸುವ ದೊಡ್ಡ ಪ್ರಯೋಗವೊಂದನ್ನು ನೆದರ್ಲೆಂಡ್ಸ್‌ನ ಸಂಶೋಧಕರ ಮುಂದಾಳತ್ವದಲ್ಲಿ ಕೈಗೆತ್ತಿಕೊಳ್ಳಲಾಗಿದೆ.

ಹಾಗಾದರೆ ನಿಮ್ಮ ವೈದ್ಯರು ‘ಸದ್ಯಕ್ಕೆ’ ಎಂಬ ಪದವನ್ನು ಏಕೆ ಬಳಸಿದರು? ನಿಮಗೆ ಮೂರನೇ ತಿಂಗಳಲ್ಲಿ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಬೇಕಾಯಿತು. ಮೂತ್ರದಲ್ಲಿ ಸಕ್ಕರೆ ಸುರಿಸುವ ಮಾತ್ರೆಯಿಂದ ಜನನಾಂಗದ ಶಿಲೀಂಧ್ರ ಸೋಂಕು ಸಾಮಾನ್ಯ, ಮತ್ತು ಕಸಿ ಆದವರಲ್ಲಿ ಮೂತ್ರದ ಸೋಂಕು ಬಂದರೆ ಅದು ನೇರವಾಗಿ ಕಸಿ ಕಿಡ್ನಿಗೇ ಏರುವ ಭಯ ಇರುತ್ತದೆ. ಇನ್ನೊಂದು ತೊಡಕು, ಈ ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ನಿರೀಕ್ಷಿತ. ಸಹಜ ಕಿಡ್ನಿಯವರಲ್ಲಿ ಅದನ್ನು ನೋಡಿ ಸುಮ್ಮನಿರಬಹುದು. ಕಸಿ ಆದವರಲ್ಲಿ 1.4 ಇದ್ದದ್ದು 1.6 ಆದರೆ ಅದು ಮಾತ್ರೆಯ ಪರಿಣಾಮವೋ, ತಿರಸ್ಕಾರದ ಆರಂಭವೋ, ಟ್ಯಾಕ್ರೋಲಿಮಸ್ ಹೆಚ್ಚಾದ ಲಕ್ಷಣವೋ ಎಂದು ತಿಳಿಯಲು ಕೆಲವೊಮ್ಮೆ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯವರೆಗೆ ಹೋಗಬೇಕಾಗುತ್ತದೆ. ಮೂರನೆಯದು ಕೀಟೋ ಆಮ್ಲತೆ. ವಾಂತಿ, ಉಪವಾಸ ಅಥವಾ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಗ್ಲುಕೋಮೀಟರ್ 180 ತೋರಿಸುತ್ತಿರುವಾಗಲೇ ರಕ್ತ ಆಮ್ಲವಾಗುವ ಈ ಸ್ಥಿತಿ ಅಪರೂಪದ್ದು, ಆದರೆ ಪ್ರಾಣಾಪಾಯದ್ದು. ಆದ್ದರಿಂದಲೇ ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ಈ ಮಾತ್ರೆಯನ್ನು ನಿಲ್ಲಿಸುತ್ತಾರೆ. ಏಕಾದಶಿಯಂಥ ಉಪವಾಸಗಳನ್ನು ಮಾಡುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಕಸಿಯಾಗಿ ಒಂದು ವರ್ಷ ದಾಟಿ, ಕ್ರಿಯಾಟಿನಿನ್ ಹಲವು ತಿಂಗಳು ಸ್ಥಿರವಾಗಿದ್ದು, ಮೂತ್ರದ ಸೋಂಕು ಮರುಕಳಿಸದೆ, ಹೃದಯ ದೌರ್ಬಲ್ಯವೋ ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯೋ ಇರುವವರಲ್ಲಿ ಈ ಔಷಧವನ್ನು ಎಚ್ಚರದಿಂದ ಆರಂಭಿಸುವುದು ಈಗ ಸಮಂಜಸ. ಹಲವು ಕಸಿ ಕೇಂದ್ರಗಳು ಹಾಗೆ ಮಾಡುತ್ತಿವೆ. ಟ್ಯಾಕ್ರೋಲಿಮಸ್‌ನಿಂದ ರಕ್ತದ ಮೆಗ್ನೀಷಿಯಂ ಇಳಿಯುವುದು ಸಾಮಾನ್ಯ, ಎಸ್‌ಜಿಎಲ್‌ಟಿ-2 ಔಷಧಗಳು ಅದನ್ನು ಸ್ವಲ್ಪ ಏರಿಸುತ್ತವೆ ಎಂಬುದು ಒಂದು ಉಪಲಾಭ. ನಿಮ್ಮ ವೈದ್ಯರನ್ನು ‘ಮೂತ್ರದಲ್ಲಿ ಪ್ರೋಟೀನ್ ಎಷ್ಟಿದೆ, ಮುಂದಿನ ಆರು ತಿಂಗಳು ಸೋಂಕು ಬಾರದಿದ್ದರೆ ಮತ್ತೆ ಯೋಚಿಸಬಹುದೇ’ ಎಂದು ಕೇಳಿ. ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ನಮ್ಮಲ್ಲಿ 2020ರಲ್ಲೇ ಮುಗಿದು ಅದು ಅಗ್ಗವಾಗಿ ಸಿಗುವುದರಿಂದ ಬೆಲೆ ಅಡ್ಡಿಯಾಗಲಾರದು. ಸುಲಭವಾಗಿ ಸಿಗುತ್ತದೆಂದು ಭಾವನವರ ಡಬ್ಬಿಯಿಂದ ತೆಗೆದು ನುಂಗಬಾರದು ಎಂಬ ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕಾಗಿದೆ.

ಮೆಟ್‌ಫಾರ್ಮಿನ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಅಂಕಿಗಳಿಗೆ ಅದನ್ನು ಯೋಚಿಸಬಹುದು. 52 ವರ್ಷದ ಪುರುಷನಲ್ಲಿ ಕ್ರಿಯಾಟಿನಿನ್ 1.4 ಎಂದರೆ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, ಸುಮಾರು 60. ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಇದ್ದರೆ ಮೆಟ್‌ಫಾರ್ಮಿನ್ ಕೂಡದು, 30ರಿಂದ 45ರ ನಡುವೆ ಇರುವವರಿಗೆ ಪ್ರಮಾಣವನ್ನು ಅರ್ಧಕ್ಕೆ ಇಳಿಸುತ್ತಾರೆ, ಅದಕ್ಕಿಂತ ಮೇಲಿದ್ದರೆ ಕೊಡಬಹುದು ಎಂಬ ನಿಯಮವನ್ನು ಕೆಡಿಗೋ ಮಾರ್ಗಸೂಚಿ ಟೈಪ್-2 ಮಧುಮೇಹ ಇರುವ ಕಸಿ ರೋಗಿಗಳಿಗೂ ಅನ್ವಯಿಸುತ್ತದೆ. ಕಸಿ ಆದವರಲ್ಲಿ ಇದರ ನಿಜವಾದ ತೊಂದರೆ ಹೊಟ್ಟೆಯದು. ಮೈಕೋಫಿನೋಲೇಟ್ ತಾನೇ ಭೇದಿ ಮಾಡಿಸುವ ಔಷಧ, ಮೆಟ್‌ಫಾರ್ಮಿನ್ ಕೂಡ ಹಾಗೆಯೇ. ಎರಡೂ ಸೇರಿ ಭೇದಿಯಾದಾಗ ಯಾವುದನ್ನು ದೂರಬೇಕೆಂದು ತಿಳಿಯದೆ ಮೈಕೋಫಿನೋಲೇಟ್ ಕಡಿಮೆ ಮಾಡಿದರೆ ತಿರಸ್ಕಾರದ ಬಾಗಿಲು ತೆರೆದಂತೆ ಆಗುತ್ತದೆ. ಅದೂ ಸಾಲದೆಂಬಂತೆ, ಭೇದಿಯಾದಾಗ ಕರುಳಿನಲ್ಲಿ ಟ್ಯಾಕ್ರೋಲಿಮಸ್ ಹೆಚ್ಚು ಹೀರಲ್ಪಟ್ಟು ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಕ್ರಿಯಾಟಿನಿನ್ ಕೂಡ ಏರುತ್ತದೆ. ಆದ್ದರಿಂದ 500 ಮಿಲಿಗ್ರಾಂನಿಂದ, ಊಟದ ಜೊತೆ, ನಿಧಾನವಾಗಿ ಕರಗುವ ರೂಪದಲ್ಲಿ ಆರಂಭಿಸುವುದು ಜಾಣತನ. ವಾಂತಿ ಭೇದಿ ಹಿಡಿದ ದಿನ ಅದನ್ನು ನಿಲ್ಲಿಸಬೇಕು, ಕಾಂಟ್ರಾಸ್ಟ್ ಹಾಕಿ ಸ್ಕ್ಯಾನ್ ಮಾಡುವವರಿಗೂ ಮೊದಲೇ ತಿಳಿಸಬೇಕು.

ಈಗ ನೀವು ತೆಗೆದುಕೊಳ್ಳುತ್ತಿರುವ ಲಿನಾಗ್ಲಿಪ್ಟಿನ್ ಸೌಮ್ಯ ಔಷಧ. ಕಿಡ್ನಿ ಎಷ್ಟೇ ಕುಂದಿದರೂ ಪ್ರಮಾಣ ಬದಲಿಸಬೇಕಿಲ್ಲ, ತೂಕ ಏರಿಸುವುದಿಲ್ಲ, ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದಿಲ್ಲ. ಅಷ್ಟೇ ಸೌಮ್ಯವಾಗಿ ಅದು ಸಕ್ಕರೆಯನ್ನೂ ಇಳಿಸುತ್ತದೆ, 250ನ್ನು 150ಕ್ಕೆ ತರುವ ಶಕ್ತಿ ಅದಕ್ಕಿಲ್ಲ. ಹೃದಯಕ್ಕೋ ಕಿಡ್ನಿಗೋ ಪ್ರತ್ಯೇಕ ರಕ್ಷಣೆ ಕೊಡುತ್ತದೆ ಎಂಬ ಸಾಕ್ಷ್ಯವೂ ಇಲ್ಲ. ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ ಮಾತ್ರೆ ಇನ್ನೂ ಕೆಲವು ಔಷಧದಂಗಡಿಗಳಲ್ಲಿ ಅಗ್ಗದ ಮಿಶ್ರಣವಾಗಿ ಸಿಗುತ್ತದೆ. ಕಿಡ್ನಿ ಕುಂದಿದಾಗ ಅದು ದೇಹದಲ್ಲಿ ಉಳಿದು ಗಂಟೆಗಟ್ಟಲೆ ಸಕ್ಕರೆ ಕುಸಿಯುವಂತೆ ಮಾಡುತ್ತದೆ, ಕಸಿ ಆದವರು ಅದರಿಂದ ದೂರ ಇರಬೇಕು. ಪಯೋಗ್ಲಿಟಜೋನ್ ನೀರು ತುಂಬಿಸುತ್ತದೆ, ಮೂಳೆಯನ್ನು ಸವೆಸುತ್ತದೆ. ಸ್ಟೀರಾಯ್ಡ್‌ನಿಂದ ಮೂಳೆ ಮೊದಲೇ ಸವೆಯುತ್ತಿರುವವರಿಗೆ ಅದು ನನ್ನ ಆಯ್ಕೆ ಅಲ್ಲ.

ಲಿರಾಗ್ಲುಟೈಡ್, ಸೆಮಾಗ್ಲುಟೈಡ್‌ನಂಥ ಜಿಎಲ್‌ಪಿ-1 ಇಂಜೆಕ್ಷನ್‌ಗಳ ಬಗ್ಗೆ ಈಗ ಎಲ್ಲೆಡೆ ಮಾತು. ಮಧುಮೇಹದಿಂದ ಕಿಡ್ನಿ ಕಾಯಿಲೆ ಬಂದ 3,533 ಜನರಲ್ಲಿ ನಡೆದ ಫ್ಲೋ ಎಂಬ ಪ್ರಯೋಗ 2024ರಲ್ಲಿ, ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಪಡೆದವರಲ್ಲಿ ಗಂಭೀರ ಕಿಡ್ನಿ ತೊಂದರೆಗಳು ಶೇ 24ರಷ್ಟು ಕಡಿಮೆಯಾದವೆಂದು ತೋರಿಸಿತು. ಕಸಿ ಆದವರಲ್ಲಿ ಇರುವುದು ಚಿಕ್ಕ ಅಧ್ಯಯನಗಳೇ ಆದರೂ, ತೂಕ ಹೆಚ್ಚಿರುವ ಕಸಿ ರೋಗಿಗೆ ಇದು ಒಳ್ಳೆಯ ಆಯ್ಕೆಯಾಗುವ ಎಲ್ಲ ಲಕ್ಷಣಗಳಿವೆ, ಮೂತ್ರದ ಸೋಂಕಿನ ಭಯವೂ ಇಲ್ಲ. ಆದರೆ ಮೊದಲ ವಾರಗಳ ವಾಕರಿಕೆ ಮತ್ತು ವಾಂತಿ ಇಲ್ಲಿ ಸಣ್ಣ ವಿಷಯವಾಗುವುದಿಲ್ಲ. ಟ್ಯಾಕ್ರೋಲಿಮಸ್ ನುಂಗಿದ ಅರ್ಧ ಗಂಟೆಗೆ ವಾಂತಿಯಾದರೆ ಆ ಹೊತ್ತಿನ ಮಾತ್ರೆ ದೇಹಕ್ಕೆ ಸೇರಿತೋ ಇಲ್ಲವೋ ತಿಳಿಯುವುದಿಲ್ಲ, ನೀರು ಕಡಿಮೆಯಾದರೆ ಒಂದೇ ಒಂದು ಕಿಡ್ನಿಯ ಮೇಲೆ ಅದರ ಹೊಡೆತ. ಕಣ್ಣಿನ ರೆಟಿನಾಗೆ ಮಧುಮೇಹದ ಹಾನಿ ಆಗಿದ್ದರೆ, ಸಕ್ಕರೆ ತೀರ ವೇಗವಾಗಿ ಇಳಿದಾಗ ಅದು ಉಲ್ಬಣಿಸಬಹುದು, ಮೊದಲು ಕಣ್ಣು ಪರೀಕ್ಷೆ ಆಗಬೇಕು. ನೀವು ತೂಕವನ್ನು ಬರೆದಿಲ್ಲವಾದ್ದರಿಂದ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಇನ್ಸುಲಿನ್ ಎಂದ ಕೂಡಲೇ ‘ಕೊನೆಯ ಹಂತ ಬಂತು’ ಎಂದುಕೊಳ್ಳುವ ಅಭ್ಯಾಸ ನಮ್ಮ ಜನರಲ್ಲಿ ಬೇರೂರಿದೆ. ಕಸಿ ಆದವರಲ್ಲಿ ಅದು ಅತ್ಯಂತ ಸುರಕ್ಷಿತ ಮತ್ತು ಖಚಿತ ಔಷಧ, ರೋಗನಿರೋಧಕ ಶಕ್ತಿ ತಗ್ಗಿಸುವ ಯಾವ ಮಾತ್ರೆಯ ಜೊತೆಗೂ ಅದಕ್ಕೆ ತಕರಾರಿಲ್ಲ. ನಿಮ್ಮಲ್ಲಿ ಮುಖ್ಯವಾಗುವುದು ಯಾವ ಇನ್ಸುಲಿನ್, ಯಾವ ಹೊತ್ತಿಗೆ ಎಂಬುದು. ಮಲಗುವ ಮುನ್ನ ಗ್ಲಾರ್ಜಿನ್‌ನಂಥ ಇಪ್ಪತ್ತನಾಲ್ಕು ಗಂಟೆಯ ಇನ್ಸುಲಿನ್ ಹಾಕಿಕೊಂಡರೆ, ಆಗಲೇ ನೂರರಲ್ಲಿರುವ ನಿಮ್ಮ ಬೆಳಗಿನ ಸಕ್ಕರೆ 60ಕ್ಕೆ ಕುಸಿಯಬಹುದು, ಸಂಜೆಯ 250 ಅಷ್ಟಾಗಿ ಅಲುಗಾಡದೆ ಇರಬಹುದು. ಬೆಳಿಗ್ಗೆ ಪ್ರೆಡ್ನಿಸೋಲೋನ್ ನುಂಗುವ ಹೊತ್ತಿಗೇ ಹಾಕಿಕೊಳ್ಳುವ ಎನ್‌ಪಿಎಚ್ ಇನ್ಸುಲಿನ್, ಅಂದರೆ ಬಾಟಲಿಯಲ್ಲಿ ಮಸುಕಾಗಿ ಕಾಣುವ ಹಳೆಯ ಅಗ್ಗದ ಇನ್ಸುಲಿನ್, ನಾಲ್ಕರಿಂದ ಎಂಟು ಗಂಟೆಗಳ ನಡುವೆ ಶಿಖರ ಮುಟ್ಟಿ ಸ್ಟೀರಾಯ್ಡ್‌ನ ಏರಿಕೆಗೆ ಸರಿಯಾಗಿ ಹೊಂದುತ್ತದೆ. ನಿಮ್ಮ ಲೆಕ್ಕದ ಹಾಳೆಯನ್ನು ವೈದ್ಯರ ಮುಂದೆ ಇಟ್ಟು ಈ ವಿಷಯವನ್ನೇ ಚರ್ಚಿಸಿ. ಮೆಟ್‌ಫಾರ್ಮಿನ್ ಸೇರಿಸಿ ಆರು ವಾರ ನೋಡಿ, ಸಂಜೆಯ ಅಂಕಿ 180ಕ್ಕಿಂತ ಕೆಳಗೆ ಬಾರದಿದ್ದರೆ ಬೆಳಗಿನ ಎನ್‌ಪಿಎಚ್ ಆರಂಭಿಸುವುದು ನನಗೆ ಸರಿಯೆನಿಸುವ ಕ್ರಮ. ಕಸಿ ಆದವರಲ್ಲಿ ಎಚ್‌ಬಿಎ1ಸಿ 7ರಿಂದ 7.5ರ ನಡುವೆ ಇದ್ದರೆ ಸಾಕು, 6ಕ್ಕೆ ಇಳಿಸುವ ಹಟ ಬೇಡ. ಅಂದ ಹಾಗೆ, ಆ ಪರೀಕ್ಷೆ ರಕ್ತಹೀನತೆ ಇದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಅಥವಾ ಕಸಿಯಾದ ಮೊದಲ ತಿಂಗಳುಗಳಲ್ಲಿ ನಂಬಿಕೆಗೆ ಅರ್ಹವಲ್ಲ. ಈಗ ನಿಮ್ಮ ಹಿಮೋಗ್ಲೋಬಿನ್ ಸರಿ ಇದ್ದರೆ 7.9ನ್ನು ನಂಬಬಹುದು, ಅದು ನಿಮ್ಮ ಗ್ಲುಕೋಮೀಟರ್ ಲೆಕ್ಕಕ್ಕೂ ಹೊಂದುತ್ತದೆ.

ಮೂರನೇ ಪ್ರಶ್ನೆ ಟ್ಯಾಕ್ರೋಲಿಮಸ್‌ನದು. ಇದರಲ್ಲಿ ತರ್ಕ ಇದೆ, ಆದರೆ ಅಪಾಯವೂ ಇದರಲ್ಲೇ ಅತಿ ಹೆಚ್ಚು. ತಿರಸ್ಕಾರ ತಡೆಯುವ ಹಳೆಯ ಔಷಧವಾದ ಸೈಕ್ಲೋಸ್ಪೋರಿನ್‌ಗಿಂತ ಟ್ಯಾಕ್ರೋಲಿಮಸ್ ಸಕ್ಕರೆಯನ್ನು ಹೆಚ್ಚಾಗಿ ಏರಿಸುತ್ತದೆ ಎಂಬುದನ್ನು 2007ರ ಡೈರೆಕ್ಟ್ ಪ್ರಯೋಗ ತೋರಿಸಿತು. ಆರು ತಿಂಗಳಲ್ಲಿ ಮಧುಮೇಹ ಅಥವಾ ಖಾಲಿ ಹೊಟ್ಟೆಯ ಸಕ್ಕರೆಯ ಏರಿಕೆ ಸೈಕ್ಲೋಸ್ಪೋರಿನ್ ಗುಂಪಿನ ಶೇ 26ರಲ್ಲಿ, ಟ್ಯಾಕ್ರೋಲಿಮಸ್ ಗುಂಪಿನ ಸುಮಾರು ಶೇ 34ರಲ್ಲಿ ಕಂಡಿತು. ಕಸಿಯೋತ್ತರ ಮಧುಮೇಹ ಬಂದವರನ್ನು ಟ್ಯಾಕ್ರೋಲಿಮಸ್‌ನಿಂದ ಸೈಕ್ಲೋಸ್ಪೋರಿನ್‌ಗೆ ಬದಲಿಸಿ ನೋಡಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವರ್ಷದ ಕೊನೆಗೆ ಬದಲಿಸಿದವರಲ್ಲಿ ಮೂವರಿಗೊಬ್ಬರು, ಬದಲಿಸದವರಲ್ಲಿ ಹತ್ತರಲ್ಲೊಬ್ಬರು ಮಧುಮೇಹದಿಂದ ಹೊರಬಂದಿದ್ದರು. ಇಷ್ಟಾದರೂ ಜಗತ್ತಿನ ಬಹುತೇಕ ಕೇಂದ್ರಗಳು ಟ್ಯಾಕ್ರೋಲಿಮಸ್‌ಗೇ ಅಂಟಿಕೊಂಡಿರುವುದು ಅದು ತಿರಸ್ಕಾರವನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ ಎಂಬ ಕಾರಣಕ್ಕೆ. ಸಕ್ಕರೆಗೆ ಹತ್ತು ಔಷಧಗಳಿವೆ. ಒಮ್ಮೆ ತಿರಸ್ಕೃತವಾದ ಕಿಡ್ನಿಗೆ ಹಾಗಿಲ್ಲ. ನೀವು ಮಾಡಿಸಬೇಕಾದದ್ದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಷ್ಟಿದೆ ಎಂದು ಅಳೆಯುವ ಟ್ಯಾಕ್ ಲೆವೆಲ್ ಪರೀಕ್ಷೆ, ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟು. ಮೊದಲ ವರ್ಷ ದಾಟಿದವರಲ್ಲಿ ಸಾಮಾನ್ಯವಾಗಿ 5ರಿಂದ 8ರ ನಡುವೆ ಇಡುತ್ತಾರೆ. ನಿಮ್ಮದು 10ರ ಮೇಲಿದ್ದರೆ ಇಳಿಸಲು ವೈದ್ಯರಿಗೆ ಅವಕಾಶ ಇದೆ, 5.5 ಇದ್ದರೆ ಅದನ್ನು ಮುಟ್ಟಬಾರದು. ಔಷಧದಂಗಡಿಯವರು ಬೇರೆ ಕಂಪನಿಯ ಟ್ಯಾಕ್ರೋಲಿಮಸ್ ಕೊಟ್ಟರೆ, ವೈದ್ಯರಿಗೆ ಹೇಳದೆ ಮತ್ತು ಲೆವೆಲ್ ಮತ್ತೆ ನೋಡದೆ ಅದನ್ನು ಮುಂದುವರಿಸಬೇಡಿ. ಸ್ಟೀರಾಯ್ಡನ್ನು 7.5ರಿಂದ 5ಕ್ಕೆ ಇಳಿಸಬಹುದೇ ಎಂದು ಕೇಳುವುದು ಇದಕ್ಕಿಂತ ಸುರಕ್ಷಿತ ಮತ್ತು ಫಲ ಕೊಡುವ ಪ್ರಶ್ನೆ. ಪೂರ್ತಿ ನಿಲ್ಲಿಸುವುದು ಬೇರೆ ಮಾತು. 2016ರ ಜರ್ಮನ್ ಪ್ರಯೋಗವೊಂದರಲ್ಲಿ ಎಂಟನೇ ದಿನಕ್ಕೇ ಸ್ಟೀರಾಯ್ಡ್ ನಿಲ್ಲಿಸಿದವರಲ್ಲಿ ಮಧುಮೇಹ ಶೇ 39ರಿಂದ ಸುಮಾರು ಶೇ 24ಕ್ಕೆ ಇಳಿದದ್ದು ನಿಜ, ಆದರೆ ಅದು ಕಸಿಯ ದಿನದಿಂದಲೇ ಯೋಜಿಸಿದ ಕ್ರಮ. ಹದಿನಾಲ್ಕು ತಿಂಗಳಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಸಕ್ಕರೆ ಕಾಯಿಲೆ ಎಂದ ಕೂಡಲೇ ಮನೆಗೆ ಬಂದವರೆಲ್ಲ ಒಂದೊಂದು ಪುಡಿ, ಒಂದೊಂದು ಕಷಾಯ ಹೇಳುತ್ತಾರೆ. ಪಲ್ಯಕ್ಕೆ ಹಾಗಲಕಾಯಿ, ಸಾರಿಗೆ ಮೆಂತ್ಯ ಬಳಸಲು ಅಡ್ಡಿಯಿಲ್ಲ. ಅಮೃತಬಳ್ಳಿಯ ಕಷಾಯ ಬೇಡವೇ ಬೇಡ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಹೊಗಳುವ ಗುಣವೇ ನಿಮಗೆ ಅಪಾಯ, ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ನಮ್ಮ ದೇಶದಿಂದಲೇ ವರದಿಯಾಗಿವೆ. ಚಕ್ಕೋತ ಹಣ್ಣು ಸಿಹಿ ಕಡಿಮೆ ಎಂದು ಮಧುಮೇಹಿಗಳು ಇಷ್ಟಪಡುತ್ತಾರೆ. ದೇವನಹಳ್ಳಿಯ ಕಡೆಯವರಾದರೆ ಮನೆಯ ಹಿತ್ತಲಲ್ಲೇ ಮರ ಇರಬಹುದು. ಆ ಹಣ್ಣು ಟ್ಯಾಕ್ರೋಲಿಮಸ್‌ನ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು, ಆದ್ದರಿಂದ ಕಸಿ ಆದವರು ಅದನ್ನು ಬಿಟ್ಟುಬಿಡಬೇಕು. ಸೀಬೆ, ಪಪ್ಪಾಯಿ, ಸೇಬು ಮಿತವಾಗಿ ತಿನ್ನಬಹುದು. ಮಧ್ಯಾಹ್ನದ ಊಟದಲ್ಲಿ ಅನ್ನ ಮುದ್ದೆ ಎರಡನ್ನೂ ಉಣ್ಣುವ ಬದಲು ಒಂದನ್ನು ಮಾತ್ರ ಇಟ್ಟುಕೊಂಡು, ಊಟವಾಗಿ ಅರ್ಧ ಗಂಟೆಗೆ ಇಪ್ಪತ್ತು ನಿಮಿಷ ನಡೆದು, ನಾಲ್ಕು ಗಂಟೆಯ ಅಂಕಿ ಎಷ್ಟು ಇಳಿಯುತ್ತದೆಂದು ಒಂದು ವಾರ ಬರೆದಿಡಿ. ಆ ವಾರದ ಹಾಳೆ ಇನ್ಸುಲಿನ್ ಪ್ರಮಾಣವನ್ನು ನಿರ್ಧರಿಸಲು ನಿಮ್ಮ ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಈ ಮಧುಮೇಹ ಮುಂದೆ ಹೋಗಿಬಿಡಬಹುದೇ ಎಂದು ನೀವು ಕೇಳಿಲ್ಲದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸ್ಟೀರಾಯ್ಡ್ ಇಳಿದು, ತೂಕ ಇಳಿದು, ಟ್ಯಾಕ್ ಲೆವೆಲ್ ಕೆಳಮಟ್ಟದಲ್ಲಿ ಸ್ಥಿರವಾದಾಗ ಕೆಲವರಲ್ಲಿ ಔಷಧವೇ ಬೇಡವಾಗುತ್ತದೆ. ಬೆಳಗಿನ ಸಕ್ಕರೆ ಇನ್ನೂ ನೂರರ ಹತ್ತಿರ ಇರುವ ನಿಮ್ಮಂಥವರಲ್ಲಿ ಮೇದೋಜೀರಕದ ಶಕ್ತಿ ಪೂರ್ತಿ ಬತ್ತಿಲ್ಲವೆಂದು ಊಹಿಸಬಹುದು. ಹಾಗೆ ಔಷಧ ನಿಂತರೂ ವರ್ಷಕ್ಕೆ ಎರಡು ಬಾರಿ ಎಚ್‌ಬಿಎ1ಸಿ ಮತ್ತು ಆಗೊಮ್ಮೆ ಈಗೊಮ್ಮೆ ಮಧ್ಯಾಹ್ನದ ಶುಗರ್, ವರ್ಷಕ್ಕೊಮ್ಮೆ ಕಣ್ಣು, ಪಾದ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮುಂದುವರಿಯಬೇಕು. ತಿರಸ್ಕಾರಕ್ಕೋ ಬೇರೆ ಯಾವುದಾದರೂ ಕಾಯಿಲೆಗೋ ಮತ್ತೊಮ್ಮೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕಾಗಿ ಬಂದರೆ ಸಕ್ಕರೆ ಅದೇ ವಾರದಲ್ಲಿ ಮತ್ತೆ ಏರುತ್ತದೆ. ಆಗ ಗ್ಲುಕೋಮೀಟರ್‌ನ ಪಟ್ಟಿಗಳು ಮನೆಯಲ್ಲಿ ಇರಲಿ, ಪರೀಕ್ಷೆ ಸಂಜೆ ನಾಲ್ಕಕ್ಕೆ ಆಗಲಿ.